ತಮಟೆ ಕೇಳಿ ಬೆಳೆದ ಕಿವಿಗೆ ಫಂಕ್

ಜಾತ್ರೆಯ ಮೆರವಣಿಗೆ ಹೊರಡುವ ಮುನ್ನ ತಮಟೆ ಕಾಯಿಸುವುದನ್ನು ನಿಂತು ನೋಡಬೇಕು. ಗುಡಿಯ ಹಿಂದಿನ ಬಯಲಲ್ಲಿ ಒಂದು ಹಿಡಿ ಒಣಹುಲ್ಲು, ಸಿಕ್ಕರೆ ಹಳೆಯ ರಟ್ಟು, ಸಣ್ಣದೊಂದು ಬೆಂಕಿ. ತಂಡದ ಹಿರಿಯರು ಚರ್ಮದ ಮುಖವನ್ನು ಉರಿಯ ಕಡೆಗೆ ಹಿಡಿದು, ಬಿಸಿ ಒಂದೇ ಕಡೆ ತಾಗದಂತೆ ನಿಧಾನವಾಗಿ ತಿರುಗಿಸುತ್ತಾರೆ. ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಮೊದಲು ‘ದಬ್’ ಎನ್ನುತ್ತಿದ್ದ ಚರ್ಮ ಬಿಗಿಯುತ್ತಾ ಬಂದು ‘ಟಣ್’ ಎನ್ನತೊಡಗುತ್ತದೆ. ಆಗ ಪಟ್ಟಿಯನ್ನು ಹೆಗಲಿಗೇರಿಸಿ, ಎಡ ಪಕ್ಕೆಗೆ ಒತ್ತಿ ಹಿಡಿದು ಒಂದು ಏಟು ಹಾಕಿದರೆ ಸಾಕು, ಆಚೆ ಬೀದಿಯಲ್ಲಿದ್ದವರಿಗೂ ಮೆರವಣಿಗೆ ಹೊರಟಿತೆಂದು ಗೊತ್ತಾಗುತ್ತದೆ. ಮಂಜು ಬಿದ್ದರೆ, ನಾಲ್ಕು ಹನಿ ಮಳೆ ಬಂದರೆ ಮತ್ತೆ ಕಾಯಿಸಬೇಕು. ರಾತ್ರಿಯಿಡೀ ನಡೆಯುವ ಉತ್ಸವಗಳಲ್ಲಿ ಈ ಬೆಂಕಿಯನ್ನು ಆರಲು ಬಿಡುವುದಿಲ್ಲ.

ಈ ವಾದ್ಯಕ್ಕೆ 2023ರಲ್ಲಿ ಪದ್ಮಶ್ರೀ ಬಂತು. ಅದನ್ನು ಪಡೆದ, ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮ್ಮ ಬದುಕನ್ನೆಲ್ಲ ತಮಟೆಗೆ ಕೊಟ್ಟವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಅವರ ಹೆಸರಿನ ಹಿಂದೆ ಮೊದಲೇ ಇತ್ತು. ಎಸ್.ಎಂ. ಕೃಷ್ಣ, ಎಸ್.ಎಲ್. ಭೈರಪ್ಪ ಅವರ ಹೆಸರುಗಳಿದ್ದ ಆ ವರ್ಷದ ಪದ್ಮ ಪಟ್ಟಿಯಲ್ಲೇ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರ ಹೆಸರೂ ಅಚ್ಚಾಯಿತು. ಶತಮಾನಗಳ ಕಾಲ ಗುಡಿಯ ಹೊರಗೆ ನಿಂತೇ ನುಡಿಯಬೇಕಿದ್ದ ವಾದ್ಯ ರಾಷ್ಟ್ರಪತಿ ಭವನದವರೆಗೆ ನಡೆದ ದಾರಿ ಚಿಕ್ಕದಲ್ಲ.

ತಮಟೆಯ ಮಾತನ್ನು ಮೊದಲೇ ಎತ್ತಿದ್ದಕ್ಕೆ ಕಾರಣವಿದೆ. ಫಂಕ್ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡೋಣ ಎಂದು ಕೇಳುವ ಹುಡುಗ ಹುಡುಗಿಯರು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಚಿಂತಾಮಣಿ, ಗೌರಿಬಿದನೂರಿನಲ್ಲೂ ಇದ್ದಾರೆ. ಫೋನು ಎಲ್ಲರ ಕೈಯಲ್ಲಿದೆ, ಜಗತ್ತಿನ ಹಾಡೆಲ್ಲ ಅದರಲ್ಲಿದೆ. ಆದರೆ ಇದು ಅಮೆರಿಕದವರ ಸಂಗೀತ, ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಂಬ ಅಳುಕಿನಿಂದ ಹಲವರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಆ ಅಳುಕು ಬೇಡ. ತಮಟೆ ಕೇಳಿ ಬೆಳೆದವರಿಗೆ ಫಂಕ್ ಹಿಡಿಯಲು ಬೇಕಾದ ಕಿವಿ ಈಗಾಗಲೇ ತಯಾರಾಗಿದೆ.

ಫಂಕ್ ಎಂದರೇನು? 1960ರ ದಶಕದ ನಡುವಿನಲ್ಲಿ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ, ಜಾಝ್ ಮತ್ತು ಬ್ಲೂಸ್‌ನಿಂದ ಹೊರಟ ಶೈಲಿ ಅದು. ಜೇಮ್ಸ್ ಬ್ರೌನ್ ಎಂಬ ಹಾಡುಗಾರ ಅದರ ಮೂಲಪುರುಷ. ಅಲ್ಲಿಯವರೆಗೆ ಹಾಡೆಂದರೆ ರಾಗ ಮುಂದೆ, ಲಯ ಹಿಂದೆ. ಬ್ರೌನ್ ಅದನ್ನು ತಿರುಗಿಸಿಟ್ಟರು. ಗಿಟಾರ್, ಟ್ರಂಪೆಟ್, ಸ್ಯಾಕ್ಸೊಫೋನ್, ಕೊನೆಗೆ ತಮ್ಮ ಗಂಟಲನ್ನೂ ಅವರು ಚರ್ಮವಾದ್ಯದಂತೆ ಬಳಸಿದರು. ಗಿಟಾರ್ ವಾದಕ ಜಿಮ್ಮಿ ನೋಲೆನ್ ತಂತಿಯನ್ನು ಪೂರ್ತಿ ಒತ್ತದೆ ಕೆರೆಯುತ್ತಿದ್ದರು. ಸ್ವರಕ್ಕಿಂತ ‘ಚಿಕ್ ಚಿಕ್’ ಎಂಬ ಸದ್ದೇ ಹೆಚ್ಚು. 1965ರಲ್ಲಿ ಬಂದ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಮತ್ತು 1967ರ ‘ಕೋಲ್ಡ್ ಸ್ವೆಟ್’ ಈ ಬದಲಾವಣೆಯ ಎರಡು ಮೈಲಿಗಲ್ಲು.

ಬ್ರೌನ್ ತಮ್ಮ ತಂಡಕ್ಕೆ ಹಾಕಿಕೊಟ್ಟ ಮುಖ್ಯ ನಿಯಮ ಒಂದೇ: ನಾಲ್ಕೆಣಿಕೆಯ ಆವರ್ತದಲ್ಲಿ ಮೊದಲ ಎಣಿಕೆಗೆ ಎಲ್ಲರೂ ಬಂದು ಸೇರಬೇಕು. ನಮ್ಮಲ್ಲಿ ‘ಸಮ’ ಎನ್ನುವುದು ಅದನ್ನೇ. ಸಮದಲ್ಲಿ ಕೂಡಿದ ಮೇಲೆ ಉಳಿದ ಮೂರು ಎಣಿಕೆಗಳಲ್ಲಿ ಒಬ್ಬೊಬ್ಬರೂ ಅಲ್ಲಲ್ಲಿ ಚದುರಿ, ಒಬ್ಬರು ಬಿಟ್ಟ ಸಂದಿನಲ್ಲಿ ಇನ್ನೊಬ್ಬರು ನುಡಿಸುತ್ತಾರೆ. ಯಾರ ಭಾಗವನ್ನೂ ಒಂಟಿಯಾಗಿ ಕೇಳಿದರೆ ದೊಡ್ಡದೇನೂ ಇರುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಮನೆಯಲ್ಲಿ ಬಿಸಿನೀರಿನ ಬಾಣಲೆಯಿಂದ ಹಲವು ಗೂಡುಗಳ ಎಳೆ ಎದ್ದು ಒಂದೇ ನೂಲಾಗುವಂತೆ, ಆ ಚಿಕ್ಕ ಚಿಕ್ಕ ತುಣುಕುಗಳು ಸೇರಿದಾಗ ಒಂದು ನಡೆ ಹುಟ್ಟುತ್ತದೆ. ಅದನ್ನೇ ಗ್ರೂವ್ ಎನ್ನುವುದು. ಆ ನಡೆ ಕೂತಿತೆಂದರೆ ಹಾಡು ಎಲ್ಲಿಗೂ ಹೋಗಬೇಕಿಲ್ಲ. ಹತ್ತು ನಿಮಿಷ ಅದೇ ಜಾಗದಲ್ಲಿ ಸುತ್ತುತ್ತಿದ್ದರೂ ಬೇಸರ ಬರುವುದಿಲ್ಲ. ಕರಗದ ರಾತ್ರಿ ಒಂದೇ ವರಸೆಯ ತಮಟೆಗೆ ಜನ ಗಂಟೆಗಟ್ಟಲೆ ಹೆಜ್ಜೆ ಹಾಕುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇನ್ನೂ ಹತ್ತಿರದಿಂದ ನೋಡೋಣ. ತಮಟೆಗೆ ಎರಡು ಕೋಲು. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ಹಾಕುವ ಏಟು ಊರಿಗೆಲ್ಲ ಕೇಳಿಸುತ್ತದೆ. ತೆಳು ಕಡ್ಡಿ ಆ ಏಟುಗಳ ನಡುವೆ ‘ಟರ‍್ರ ಟರ‍್ರ’ ಎಂದು ಸಣ್ಣ ದನಿಯಲ್ಲಿ ಓಡುತ್ತಲೇ ಇರುತ್ತದೆ. ದೂರದಲ್ಲಿದ್ದವರಿಗೆ ಅದು ಕೇಳಿಸದಿರಬಹುದು, ಆದರೆ ಕುಣಿಯುವವನ ಕಾಲು ಅದರ ಮೇಲೆಯೇ ನಿಂತಿರುತ್ತದೆ. ಕಡ್ಡಿ ನಿಂತರೆ ದಪ್ಪ ಏಟು ಬರೀ ಸದ್ದಾಗುತ್ತದೆ.

ಜೇಮ್ಸ್ ಬ್ರೌನ್ ತಂಡದ ಡ್ರಮ್ ವಾದಕ ಕ್ಲೈಡ್ ಸ್ಟಬಲ್‌ಫೀಲ್ಡ್ ಮಾಡುತ್ತಿದ್ದುದೂ ಇದೇ ಕೆಲಸ. 1969ರ ನವೆಂಬರ್‌ನಲ್ಲಿ ಧ್ವನಿಮುದ್ರಣಗೊಂಡು ಮರುವರ್ಷ ಬಿಡುಗಡೆಯಾದ ‘ಫಂಕಿ ಡ್ರಮ್ಮರ್’ ಕೇಳಿ. ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ ಒಂದೇ ಉಳಿಯುವ ಕೆಲವು ಸೆಕೆಂಡುಗಳಿವೆ. ಅಲ್ಲಿ ಜೋರಾದ ಏಟುಗಳ ನಡುವೆ, ಇದೆಯೋ ಇಲ್ಲವೋ ಎಂಬಷ್ಟು ಮೆತ್ತಗೆ ಎಡಗೈ ಚರ್ಮವನ್ನು ಸವರುತ್ತಾ ಹೋಗುತ್ತದೆ. ಸಂಗೀತಗಾರರು ಅದನ್ನು ಗೋಸ್ಟ್ ನೋಟ್ ಎನ್ನುತ್ತಾರೆ. ಇಯರ್‌ಫೋನ್ ಹಾಕಿಕೊಂಡು ಆ ಮೆತ್ತಗಿನ ಏಟುಗಳನ್ನು ಮಾತ್ರ ಹಿಂಬಾಲಿಸಿ ನೋಡಿ. ತಮಟೆಯ ತೆಳು ಕಡ್ಡಿ ನೆನಪಾಗದಿದ್ದರೆ ಕೇಳಿ. ಸ್ಟಬಲ್‌ಫೀಲ್ಡ್ ಡ್ರಮ್ ಪಾಠ ಹೇಳಿಸಿಕೊಂಡವರಲ್ಲ. ತಮ್ಮೂರು ಚಟನೂಗಾದ ಕಾರ್ಖಾನೆಗಳ ಮತ್ತು ರೈಲಿನ ಸದ್ದು ಕೇಳುತ್ತಾ ಲಯ ಕಲಿತದ್ದಾಗಿ ಅವರೇ ಹೇಳಿಕೊಂಡಿದ್ದರು.

ಹಾಗೆಂದು ಎರಡೂ ಒಂದೇ ಎಂದು ಹೇಳಿ ಮುಗಿಸುವಂತಿಲ್ಲ. ಎರಡರ ಹಿಂದಿನ ಚರಿತ್ರೆ ಬೇರೆ, ಆ ಬೇರೆತನವೇ ನನ್ನನ್ನು ಹೆಚ್ಚು ಕಾಡುವುದು. 1739ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಡೋಲು ಬಾರಿಸುತ್ತಾ ದಂಗೆ ಎದ್ದರು. ಮರುವರ್ಷವೇ ಅಲ್ಲಿನ ಆಳುವವರು ಕಾನೂನು ಮಾಡಿ ಗುಲಾಮರು ಡೋಲು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದರು. ಡೋಲು ಕಿತ್ತುಕೊಂಡ ಮೇಲೆ ಆ ಜನ ಲಯವನ್ನು ಚಪ್ಪಾಳೆಯಲ್ಲಿ, ಕಾಲಿನ ಸದ್ದಿನಲ್ಲಿ, ಚರ್ಚಿನ ಹಾಡಿನಲ್ಲಿ ಬಚ್ಚಿಟ್ಟು ಉಳಿಸಿಕೊಂಡರು. ಎರಡು ಶತಮಾನ ದಾಟಿದ ಮೇಲೆ ಜೇಮ್ಸ್ ಬ್ರೌನ್ ತಮ್ಮ ಇಡೀ ತಂಡವನ್ನೇ ಡೋಲು ಮಾಡಿದ್ದು ಇಂಥ ಜನರ ನಡುವಿನಿಂದ ಬಂದು.

ನಮ್ಮಲ್ಲಿ ನಡೆದದ್ದು ಇದರ ತಿರುವುಮುರುವು. ಇಲ್ಲಿ ದಲಿತರ ಕೈಯಿಂದ ತಮಟೆ ಕಿತ್ತುಕೊಳ್ಳಲಿಲ್ಲ, ಬಾರಿಸಲೇಬೇಕೆಂದು ಕಟ್ಟಳೆ ಮಾಡಿದರು. ಊರಲ್ಲಿ ಸಾವಾದರೆ ಬಾರಿಸಬೇಕು, ದೇವರು ಹೊರಟರೆ ಬಾರಿಸಬೇಕು, ಪಂಚಾಯಿತಿ ಸೇರುವುದಿದ್ದರೆ ಬೀದಿ ಬೀದಿಯಲ್ಲಿ ಟಾಂಟಾಂ ಹೊಡೆಯಬೇಕು. ಕೂಲಿಯೆಂದರೆ ಒಂದಿಷ್ಟು ಕಾಳು, ಮಿಕ್ಕ ಊಟ. ದೇವರ ಮುಂದೆ ಬಾರಿಸಿದವರಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಪೀಳಿಗೆ ಈ ಬಿಟ್ಟಿ ಚಾಕರಿಯನ್ನು ಒಪ್ಪಲಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಯುವಕರು ಇನ್ನು ತಮಟೆ ಮುಟ್ಟುವುದಿಲ್ಲ ಎಂದರು. ಅದೇ ಚಳವಳಿ ಇನ್ನೊಂದು ಕಡೆ ತಮಟೆಯನ್ನು ತನ್ನ ಮೆರವಣಿಗೆಯ ಮುಂದೆ ತಂದು, ಹೋರಾಟದ ಹಾಡುಗಳ ಜೊತೆಗೆ ನುಡಿಸಿತು. ಬಿಟ್ಟವರದೂ ಸರಿ, ಎತ್ತಿಕೊಂಡವರದೂ ಸರಿ. ತಮ್ಮಿಷ್ಟದಿಂದ ನುಡಿಸುವುದಕ್ಕೂ ಊರಿನ ಅಪ್ಪಣೆಗೆ ನುಡಿಸುವುದಕ್ಕೂ ಇರುವ ದೂರವನ್ನು ಅವರು ಕಾಣಿಸಿಕೊಟ್ಟರು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿನ ಕಾರ್ಯಕ್ರಮಗಳ ಹಿಂದೆಯೂ ಇದೇ ಅರಿವಿದೆ. ಅತ್ತ ಜೇಮ್ಸ್ ಬ್ರೌನ್ 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲೇ, ಕಪ್ಪು ಬಣ್ಣವನ್ನು ಹೆಮ್ಮೆಯಿಂದ ಸಾರುವ ಹಾಡು ಹಾಡಿದರು. ಕಾಲ ಹೆಚ್ಚೂಕಡಿಮೆ ಒಂದೇ, ಎದೆಯೊಳಗಿನ ಮಾತೂ ಒಂದೇ.

ಸಾವಿನ ತಮಟೆಯ ಮಾತು ಬಂತಲ್ಲ, ಅದಕ್ಕೇ ಫಂಕ್ ಕೇಳಲು ಹೊರಡುವ ನಮ್ಮ ಕಡೆಯವರಿಗೆ ಮೊದಲು ನ್ಯೂ ಆರ್ಲಿಯನ್ಸ್ ನಗರವನ್ನೇ ತೋರಿಸುತ್ತೇನೆ. ಅಲ್ಲಿನ ಕಪ್ಪು ಜನರಲ್ಲಿ ಹೆಣವನ್ನು ಬ್ಯಾಂಡಿನ ಜೊತೆ ಸ್ಮಶಾನಕ್ಕೆ ಒಯ್ಯುವ ಪದ್ಧತಿಯಿದೆ. ಹೋಗುವಾಗ ನಿಧಾನದ, ಶೋಕದ ನುಡಿಸಾಣಿಕೆ. ಮಣ್ಣು ಮಾಡಿ ಹಿಂತಿರುಗುವಾಗ ಅದೇ ಬ್ಯಾಂಡು ವೇಗ ಹಿಡಿಯುತ್ತದೆ, ಹಿಂದೆ ಬರುವ ಜನ ಕೊಡೆ, ಕರವಸ್ತ್ರ ತಿರುಗಿಸುತ್ತಾ ಬೀದಿಯಲ್ಲೇ ಕುಣಿಯುತ್ತಾರೆ. ಹಾಗೆ ಹಿಂದೆ ಬರುವ ಗುಂಪಿಗೆ ಸೆಕೆಂಡ್ ಲೈನ್ ಎಂದು ಹೆಸರು. ಬಾಳಿ ಬದುಕಿದ ಹಿರಿಯರು ತೀರಿಕೊಂಡಾಗ ಹೂವಿನ ಚಟ್ಟದ ಮುಂದೆ ತಮಟೆಗೆ ಹೆಜ್ಜೆ ಹಾಕುವ ನಮ್ಮ ಹಳ್ಳಿಗಳವರಿಗೆ ಇದರಲ್ಲಿ ಅಚ್ಚರಿ ಕಾಣದು.

ಆ ಸೆಕೆಂಡ್ ಲೈನ್ ಲಯವನ್ನು ಬೀದಿಯಿಂದ ಎತ್ತಿ ಸ್ಟುಡಿಯೊಕ್ಕೆ ತಂದವರು ‘ದಿ ಮೀಟರ್ಸ್’ ಎಂಬ ತಂಡ. ನಾಲ್ಕೇ ಜನ: ಆರ್ಗನ್‌ಗೆ ಆರ್ಟ್ ನೆವಿಲ್, ಗಿಟಾರ್‌ಗೆ ಲಿಯೊ ನೊಸೆಂಟೆಲಿ, ಬೇಸ್ ಗಿಟಾರ್‌ಗೆ ಜಾರ್ಜ್ ಪೋರ್ಟರ್, ಡ್ರಮ್‌ಗೆ ಜಿಗಾಬೂ ಮೊಡೆಲಿಸ್ಟ್. 1969ರ ಅವರ ‘ಸಿಸ್ಸಿ ಸ್ಟ್ರಟ್’ಗೆ ಸಾಹಿತ್ಯವೇ ಇಲ್ಲ, ಹಾಗಾಗಿ ಭಾಷೆಯ ಗೋಜಿಲ್ಲ. ಅವರ ದೊಡ್ಡತನ ನುಡಿಸದೆ ಬಿಟ್ಟ ಜಾಗಗಳಲ್ಲಿದೆ. ಮೊದಲ ಸಲ ಬೇಸ್ ಮಾತ್ರ ಕೇಳಿ, ಎರಡನೇ ಸಲ ಡ್ರಮ್ ಮಾತ್ರ, ಮೂರನೇ ಸಲ ಎಲ್ಲವನ್ನೂ ಒಟ್ಟಿಗೆ. ಫಂಕ್ ಕೇಳಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಗೌರಿಬಿದನೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರಿಗೆ ದೊಡ್ಡಬಳ್ಳಾಪುರ ಬರುವುದರೊಳಗೆ ಈ ಅಭ್ಯಾಸ ಮುಗಿದಿರುತ್ತದೆ.

ಮುಂದೆ ‘ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್’. ಕಪ್ಪು, ಬಿಳಿ, ಹೆಣ್ಣು, ಗಂಡು ಎಲ್ಲರೂ ಸೇರಿ ನುಡಿಸಿದ ತಂಡ. ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. ಅವರ ಬೇಸ್ ವಾದಕ ಲ್ಯಾರಿ ಗ್ರಹಾಂ ಹುಡುಗನಾಗಿದ್ದಾಗ ತಾಯಿಯ ಜೊತೆ ಕಛೇರಿಗಳಲ್ಲಿ ನುಡಿಸುತ್ತಿದ್ದವರು. ತಂಡದಲ್ಲಿ ಡ್ರಮ್ ಬಾರಿಸುವವರಿಲ್ಲದಾಗ ಆ ಕೊರತೆ ತುಂಬಲು ಬೇಸ್ ತಂತಿಯನ್ನು ಹೆಬ್ಬೆರಳಿನಿಂದ ಗುದ್ದಿ, ಉಳಿದ ಬೆರಳಿನಿಂದ ಮೀಟಿ, ಡ್ರಮ್ಮಿನ ಎರಡು ಸದ್ದನ್ನೂ ತಂತಿಯಿಂದಲೇ ಹೊರಡಿಸಿದರು. ಇಂದು ಜಗತ್ತಿನ ಬೇಸ್ ವಾದಕರೆಲ್ಲ ಕಲಿಯುವ ‘ಸ್ಲ್ಯಾಪ್’ ವಿಧಾನ ಬೆಳೆದದ್ದು ಹೀಗೆ, ಇಲ್ಲದ ವಾದ್ಯದ ಜಾಗ ತುಂಬಲು ಹೋಗಿ.

ಸ್ಟೀವಿ ವಂಡರ್ ಅವರ ‘ಸೂಪರ್‌ಸ್ಟಿಷನ್’ (1972) ಬಹುತೇಕ ಎಲ್ಲರೂ ಎಲ್ಲೋ ಕೇಳಿರುತ್ತಾರೆ. ಅದರ ಮೊದಲಲ್ಲಿ ಬರುವ ಡ್ರಮ್ ಕೂಡ ಕಣ್ಣು ಕಾಣದ ಆ ಗಾಯಕರದೇ. ಜಾರ್ಜ್ ಕ್ಲಿಂಟನ್ ನಾಯಕತ್ವದ ‘ಪಾರ್ಲಿಮೆಂಟ್’ ತಂಡದ ‘ಮದರ್‌ಶಿಪ್ ಕನೆಕ್ಷನ್’ (1975) ಜಾತ್ರೆಯ ಗದ್ದಲ ಇಷ್ಟಪಡುವವರಿಗೆ. ಜೇಮ್ಸ್ ಬ್ರೌನ್ ಬಳಿ ಶಿಸ್ತು ಕಲಿತ ಬೂಟ್ಸಿ ಕಾಲಿನ್ಸ್ ಅದರಲ್ಲಿ ಬೇಸ್ ನುಡಿಸಿದ್ದಾರೆ. ತಾಳ್ಮೆ ಇರುವವರು ಹರ್ಬಿ ಹ್ಯಾನ್ಕಾಕ್ ಅವರ ‘ಹೆಡ್ ಹಂಟರ್ಸ್’ (1973) ಹಿಡಿಯಲಿ. ಅದರ ‘ಕಮೀಲಿಯನ್’ ಹದಿನೈದು ನಿಮಿಷದ ಕೃತಿ. ಮೊದಲು ಸಿಂಥಸೈಜರ್‌ನ ಮಂದ್ರದ ಒಂದು ಸುತ್ತು ಮಾತ್ರ, ಅದರ ಮೇಲೆ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ತಮಟೆ ತಂಡದಲ್ಲೂ ಒಬ್ಬರು ವರಸೆ ಎತ್ತಿ, ಉಳಿದವರು ಹಿಂದಿನಿಂದ ಸೇರಿಕೊಳ್ಳುತ್ತಾ ಸದ್ದು ತುಂಬುವುದು ಹೀಗೆಯೇ.

ನೈಜೀರಿಯದ ಫೆಲಾ ಕುಟಿಯನ್ನು ಬಿಡುವಂತಿಲ್ಲ. ಅಮೆರಿಕದ ಫಂಕನ್ನು ಆಫ್ರಿಕದ ಲಯಗಳ ಜೊತೆ ಮತ್ತೆ ಕೂಡಿಸಿ, ಡ್ರಮ್ ವಾದಕ ಟೋನಿ ಅಲೆನ್ ಜೊತೆಗೂಡಿ ಅವರು ‘ಆಫ್ರೋಬೀಟ್’ ಕಟ್ಟಿದರು. ಸೈನಿಕರನ್ನು ನೇರವಾಗಿ ಕೆಣಕಿದ 1976ರ ‘ಜೋಂಬಿ’ ಅವರ ಹೆಸರಾಂತ ಕೃತಿ. ಮರುವರ್ಷ ನೈಜೀರಿಯದ ಸೈನಿಕರು ಲಾಗೋಸ್‌ನ ಅವರ ಮನೆಗೆ ನುಗ್ಗಿ ಬೆಂಕಿ ಇಟ್ಟರು. ಕುಣಿಸುವ ಸಂಗೀತಕ್ಕೆ ಆಳುವವರು ಅಷ್ಟು ಹೆದರಿದ್ದರು. ಈ ಕಾಲದವರಲ್ಲಿ ಮಿಷಿಗನ್‌ನ ‘ವುಲ್ಫ್‌ಪೆಕ್’ ತಂಡದ ಜೋ ಡಾರ್ಟ್ ಅವರ ಬೇಸ್, ಟೆಕ್ಸಸ್‌ನ ‘ಕ್ರುವಾಂಗ್‌ಬಿನ್’ ತಂಡದ ಮೆಲುನಡೆ ನನಗೆ ಮೆಚ್ಚು. ಆದರೆ ಹಳಬರನ್ನು ಕೇಳಿದ ಮೇಲೆಯೇ ಇವರ ಹತ್ತಿರ ಬನ್ನಿ ಎನ್ನುತ್ತೇನೆ.

ಕನ್ನಡದ ನೆಲದಲ್ಲಿ ಇಂಥ ಪ್ರಯೋಗ ನಡೆದಿಲ್ಲವೇ? ನಡೆದಿದೆ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ ತಂದ ‘ಜ್ಯೋತಿ’ 1983ರಲ್ಲಿ ಯುರೋಪಿನ ಹೆಸರಾಂತ ಇಸಿಎಂ ಕಂಪನಿಯಿಂದ ಹೊರಬಂತು. ಮೃದಂಗ, ಘಟ ಮತ್ತು ಬಾಯಿಂದ ಜತಿ ಹೇಳುವ ಕೊನ್ನಕ್ಕೋಲು ಜಾಝ್ ಜೊತೆ ಸಮನಾಗಿ ಕೂತ ಕೃತಿ ಅದು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಸಂಗೀತದ ಮಾತುಕತೆಯಲ್ಲಿ ಅಪರೂಪಕ್ಕೆ ಬರುವುದು ನನಗೆ ನೋವಿನ ಸಂಗತಿ. 1996ರಲ್ಲಿ ಹುಟ್ಟಿದ ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ತಂಡದ ಇಂಗ್ಲಿಷ್ ಹಾಡುಗಳಲ್ಲಿ ಫಂಕ್‌ನ ನಡೆ ಧಾರಾಳವಾಗಿದೆ. ಇನ್ನು ಸಿನಿಮಾ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದ ಇಳಯರಾಜ 1981ರ ‘ಗೀತಾ’ ಚಿತ್ರದಲ್ಲಿ ಬೇಸ್ ಗಿಟಾರ್‌ಗೆ ಎಷ್ಟು ಕೆಲಸ ಕೊಟ್ಟಿದ್ದಾರೆಂಬುದನ್ನು, ಹಾಡುಗಾರರ ದನಿ ಮರೆತು ಒಮ್ಮೆ ಕೇಳಿ. ಶಂಕರ್‌ನಾಗ್ ಕುಣಿದದ್ದು ಯಾವುದರ ಮೇಲೆ ಎಂಬುದು ಆಗ ತಿಳಿಯುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕ ಮೂಲದ ಸಿದ್ದಿ ಜನ ಡಮಾಮಿ ಬಾರಿಸುತ್ತಾ ಕುಣಿಯುತ್ತಾರೆ. ಹಡಗಿನಲ್ಲಿ ಗುಲಾಮರಾಗಿ ಬಂದವರ ಲಯ ನಮ್ಮ ರಾಜ್ಯದೊಳಗೇ ಇನ್ನೂ ಉಸಿರಾಡುತ್ತಿದೆ.

ಜಿಲ್ಲೆಯ ತಮಟೆಗೆ ಹಿಂತಿರುಗುತ್ತೇನೆ. ಗಡಿಯಾಚೆ ಆಂಧ್ರದಲ್ಲಿ ಅದು ಡಪ್ಪು, ತಮಿಳುನಾಡಿನಲ್ಲಿ ಪರೈ, ಉತ್ತರ ಕರ್ನಾಟಕದಲ್ಲಿ ಹಲಗೆ. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಸೀಮೆಯಲ್ಲಿ ವರಸೆಗಳೂ ಗಡಿ ದಾಟುತ್ತಲೇ ಇರುತ್ತವೆ; ಮದುವೆ ಮೆರವಣಿಗೆಯಲ್ಲಿ ಹುಡುಗರು ‘ತೀನ್‌ಮಾರ್’ ಹೊಡೀರಣ್ಣ ಎಂದು ಕೇಳುವುದು ಹೈದರಾಬಾದ್ ಕಡೆಯ ಏಟನ್ನು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಮರದ ಬಳೆಯ ಬದಲು ನಟ್ಟು ಬೋಲ್ಟು ಬಿಗಿಯುವ ಕಬ್ಬಿಣದ ಬಳೆ ಬಂದಿದೆ. ಮಳೆಯಲ್ಲಿ ನೆನೆದರೂ ಅದಕ್ಕೆ ತೊಂದರೆಯಿಲ್ಲ, ಕಾಯಿಸುವ ಕೆಲಸವೂ ಇಲ್ಲ. ನುಡಿಸುವವರ ಅನುಕೂಲ ದೊಡ್ಡದು, ಅದನ್ನು ಬೇಡವೆನ್ನಲು ಕೇಳುಗರಾದ ನಮಗೆ ಹಕ್ಕಿಲ್ಲ. ಆದರೂ ಕಾಯಿಸಿದ ಚರ್ಮದ ಮೊದಲ ಏಟಿನ ದನಿ ಪ್ಲಾಸ್ಟಿಕ್ಕಿನಲ್ಲಿ ಬರುವುದಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಡಿ.ಜೆ. ಸೌಂಡಿನದು. ಟ್ರ್ಯಾಕ್ಟರ್ ಮೇಲೆ ಪೆಟ್ಟಿಗೆ ಪೇರಿಸಿ ತಂದ ಸದ್ದಿಗೆ ಕುಣಿಯುವವನ ಕಾಲು ಕಾಣುವುದಿಲ್ಲ. ತಮಟೆಯವರು ಕುಣಿಯುವವನನ್ನು ನೋಡಿಕೊಂಡೇ ಏಟು ಹಾಕುತ್ತಾರೆ; ಅವನು ಬಾಗಿದರೆ ತಗ್ಗಿಸುತ್ತಾರೆ, ಎದ್ದರೆ ಏರಿಸುತ್ತಾರೆ.

ಸ್ಟಬಲ್‌ಫೀಲ್ಡ್ ಕಥೆಯ ಒಂದು ಭಾಗ ಉಳಿಯಿತು. ‘ಫಂಕಿ ಡ್ರಮ್ಮರ್’ನ ಆ ಕೆಲವು ಸೆಕೆಂಡುಗಳ ಡ್ರಮ್ಮನ್ನು ಕತ್ತರಿಸಿ, ಸುತ್ತು ಹಾಕಿ, ಅದರ ಮೇಲೆ ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಕಟ್ಟಲಾಗಿದೆ. ಹಿಪ್‌ಹಾಪ್ ಎಂಬ ಇಡೀ ಶೈಲಿಯೇ ಇಂಥ ತುಣುಕುಗಳ ಮೇಲೆ ಬೆಳೆದದ್ದು. ಇವತ್ತಿನ ಕನ್ನಡ ರ‍್ಯಾಪ್ ಹಾಡುವ ಹುಡುಗರವರೆಗೂ ಅದರ ಬಳ್ಳಿ ಹಬ್ಬಿದೆ. ಆದರೆ ಹಾಡಿನ ಕರ್ತೃವೆಂದು ದಾಖಲಾದದ್ದು ಜೇಮ್ಸ್ ಬ್ರೌನ್ ಹೆಸರು. ಡ್ರಮ್ ಬಾರಿಸಿದವರಿಗೆ ರಾಯಲ್ಟಿಯ ಹಕ್ಕು ಸಿಗಲಿಲ್ಲ. 2017ರಲ್ಲಿ ಸ್ಟಬಲ್‌ಫೀಲ್ಡ್ ತೀರಿಕೊಂಡರು.

ನಮ್ಮಲ್ಲೂ ಕಥೆ ಬೇರೆಯಲ್ಲ. ಜಾತ್ರೆ, ಕರಗ, ಉರುಸು, ಗಣೇಶೋತ್ಸವಗಳ ಕರಪತ್ರಗಳನ್ನು ತೆಗೆದು ನೋಡಿ. ಶಾಸಕರ ಹೆಸರಿದೆ, ದಾನಿಗಳ ಹೆಸರಿದೆ, ಆರ್ಕೆಸ್ಟ್ರಾದ ಗಾಯಕರ ಹೆಸರು ಫೋಟೊ ಸಮೇತ ಇದೆ. ತಮಟೆಯವರದು ಮಾತ್ರ ‘ತಮಟೆ ವಾದ್ಯದೊಂದಿಗೆ’ ಎಂಬ ಒಂದು ಸಾಲು. ಪದ್ಮಶ್ರೀ ಬಂದ ಜಿಲ್ಲೆಯಲ್ಲಿ ಇದು ಹೀಗೇ ಮುಂದುವರಿಯಬಾರದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಉತ್ಸವ ಸಮಿತಿಗಳವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಕರಪತ್ರದಲ್ಲಿ ತಮಟೆ ತಂಡದ ಪ್ರತಿಯೊಬ್ಬರ ಹೆಸರನ್ನೂ ಅವರ ಊರಿನ ಸಮೇತ ಅಚ್ಚು ಹಾಕಿಸಿ, ಸಂಭಾವನೆಯನ್ನು ಮೊದಲೇ ಮಾತಾಡಿ, ಕಾರ್ಯಕ್ರಮ ಮುಗಿದ ರಾತ್ರಿಯೇ ಅವರ ಕೈಗೆ ಕೊಡಿ.